ಬೀಗ ಬಿದ್ದ ಹನ್ನೆರಡು ಮನೆ

ಮೇಲ್ವಿಚಾರಕರು ಅರ್ಜಿಗಳ ಕಟ್ಟನ್ನು ನನ್ನ ಮುಂದೆ ಇಟ್ಟಾಗ ಮಧ್ಯಾಹ್ನ ಮೂರು ಗಂಟೆ. ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. "ಮೂವತ್ತನಾಲ್ಕು ಇದೆ ಮೇಡಂ. ಎಲ್ಲಾ ನಮೂನೆ ಏಳು. ಸ್ಥಳ ತನಿಖೆ ಮಾಡಿದೆ, ವಾಸ ಇಲ್ಲ ಅಂತ ಬರೆದು ಸಹಿ ಹಾಕ್ಬಿಡಿ. ಐದು ನಿಮಿಷದ ಕೆಲಸ," ಅಂದರು.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಶಾಲೆ ಇರುವ ಊರು. ಊರಿನ ಹೆಸರು ಬೇಡ. ಪಾಠದ ಜೊತೆಗೆ ಶಾಲೆಯ ಮತಗಟ್ಟೆಗೆ ನಾನೇ ಬಿಎಲ್‌ಒ. ಅಂದರೆ ಆ ಮತಗಟ್ಟೆಯ ಪಟ್ಟಿಯಲ್ಲಿ ಯಾರ ಹೆಸರು ಇದೆ, ಯಾರದು ಸೇರಬೇಕು, ಯಾರದು ಹೋಗಬೇಕು ಎಂದು ಮನೆಮನೆಗೆ ಹೋಗಿ ನೋಡಿ ಬರೆಯುವವಳು. ಹೆಸರು ಸೇರಿಸಲು ನಮೂನೆ ಆರು, ತಿದ್ದಲು ಎಂಟು, ತೆಗೆಯಲು ಏಳು. ಏಳನ್ನು ಇನ್ನೊಬ್ಬರ ಮೇಲೂ ಹಾಕಬಹುದು. ಹಾಕುವವರು ಅದೇ ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು.

ಕಟ್ಟು ಬಿಚ್ಚಿ ತಿರುವಿದೆ. ಎಲ್ಲದರಲ್ಲೂ ಒಂದೇ ಕೈಬರಹ, ಒಂದೇ ಸಹಿ. ನಮ್ಮ ಮತಗಟ್ಟೆಗೆ ಒಂದು ಪಕ್ಷದವರು ನೇಮಿಸಿದ್ದ ಬೂತ್ ಏಜೆಂಟನದು. ಏಜೆಂಟ್ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಅರ್ಜಿ ಕೊಡುವಂತಿಲ್ಲ. ಆ ನಿಯಮವನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದ. ಸೋಮವಾರ ಹತ್ತು, ಮಂಗಳವಾರ ಹತ್ತು, ಬುಧವಾರ ಹತ್ತು, ಗುರುವಾರ ನಾಲ್ಕು. ಕಾರಣ ಎಂಬ ಜಾಗದಲ್ಲಿ 'ಕಾಯಂ ಆಗಿ ಊರು ಬಿಟ್ಟಿದ್ದಾರೆ' ಎಂದಿತ್ತು. ಆಧಾರ ಎಂದು ಒಂದು ಜೆರಾಕ್ಸ್ ಹಾಳೆ ಲಗತ್ತಿಸಿದ್ದ. ಆ ಹಾಳೆ ನನ್ನದು. ಬರಹ ನನ್ನದು, ಕೆಳಗಿನ ಸಹಿಯೂ ನನ್ನದೇ.

ಅದು ಎರಡು ತಿಂಗಳ ಹಿಂದಿನ ಹಾಳೆ. ವಿಧಾನಸಭೆ ಚುನಾವಣೆಗೆ ಮುಂಚೆ ಪಟ್ಟಿ ಪರಿಷ್ಕರಣೆ ನಡೆಯುತ್ತಿತ್ತು. ನಾನು ಗೌರಿಬಿದನೂರು ಕಡೆಯಿಂದ ಈ ಶಾಲೆಗೆ ವರ್ಗವಾಗಿ ಬಂದು ಮೂರು ವಾರವಾಗಿತ್ತಷ್ಟೆ. ಬಂದ ಕೂಡಲೇ ರಿಜಿಸ್ಟರು ಕೈಗೆ ಕೊಟ್ಟರು. ಮನೆಗೆ ಬೀಗ ಇದ್ದರೆ ಮೂರು ಸಲ ಹೋಗಬೇಕು, ಮೂರು ಸಲವೂ ಬೀಗವೇ ಇದ್ದರೆ ಹಾಗೆಂದು ಬರೆಯಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಶಾಲೆ ಬಿಟ್ಟ ಮೇಲೆ ನಾಲ್ಕೂವರೆಗೆ ಹೊರಟು, ಆರು ಗಂಟೆಯ ಬಸ್ಸಿಗೆ ವಾಪಸು ಬರುವಂತೆ ಓಡಾಡಿದೆ. ಊರಿನ ಮೇಲಿನ ಬೀದಿಯಲ್ಲಿ ಹನ್ನೆರಡು ಮನೆಗೆ ಬೀಗ. ಎರಡು ದಿನ ಬಿಟ್ಟು ಹೋದೆ, ಬೀಗ. ಇನ್ನೆರಡು ದಿನ ಬಿಟ್ಟು ಹೋದೆ, ಅದೇ ಬೀಗ. ಹನ್ನೆರಡಕ್ಕೂ 'ಮೂರು ಭೇಟಿ, ಬೀಗ' ಎಂದು ಬರೆದೆ. ಆಮೇಲೆ ಎಲ್ಲಾ ಪಕ್ಷಗಳ ಏಜೆಂಟರನ್ನು ಶಾಲೆಗೆ ಕರೆದು ಸಭೆ ಮಾಡಿ, ನಿಯಮದಂತೆ ಆ ಪಟ್ಟಿಯನ್ನು ಓದಿ ಹೇಳಿ, ಒಬ್ಬೊಬ್ಬರಿಗೂ ಒಂದೊಂದು ಪ್ರತಿ ಕೊಟ್ಟೆ. ಅಚ್ಚುಕಟ್ಟಾಗಿ ಕೆಲಸ ಮುಗಿಸಿದೆ ಎಂದು ಒಳಗೊಳಗೇ ಬೀಗಿದ್ದೆ ಕೂಡ. ಬೀಗ ಎಂದರೆ ಬೀಗ, ಊರು ಬಿಟ್ಟವರು ಎಂದಲ್ಲ ಎಂಬುದು ಆಗ ನನಗೂ ಸರಿಯಾಗಿ ಹೊಳೆದಿರಲಿಲ್ಲ.

"ಸರ್, ಒಂದು ಸಲ ಹೋಗಿ ನೋಡ್ತೀನಿ," ಅಂದೆ.

"ಮೂರು ಸಲ ನೋಡಿದೀರಲ್ಲ ಮೇಡಂ. ನೀವೇ ಬರೆದಿದೀರ."

"ಇನ್ನೊಂದು ಸಲ ನೋಡ್ತೀನಿ."

ಅವರು ಕೆಟ್ಟವರಲ್ಲ. ಹತ್ತು ಮತಗಟ್ಟೆ ಅವರ ತಲೆ ಮೇಲೆ, ದಿನವೂ ಸಂಜೆ ಮೇಲಿನಿಂದ 'ಎಷ್ಟು ಬಾಕಿ' ಎಂದು ಫೋನು. ಬಾಕಿ ಎಂಬ ಕಾಲಂ ಸೊನ್ನೆ ಆಗುವುದೊಂದೇ ಅವರಿಗೆ ಬೇಕಿತ್ತು. "ಸೋಮವಾರದೊಳಗೆ ಕೊಡಿ," ಎಂದು ಕಟ್ಟನ್ನು ನನ್ನ ಕೈಗೆ ಕೊಟ್ಟರು.

ಮಾರನೇ ದಿನ ಮೇಲಿನ ಬೀದಿಗೆ ಹೋದರೆ ಮತ್ತೆ ಬೀಗ. ನಿಜಕ್ಕೂ ಊರು ಬಿಟ್ಟಿದ್ದಾರೆಯೇ? ಶಾಲೆಗೆ ಬಂದು ಬಿಸಿಯೂಟದ ಅಡುಗೆಯಾಕೆಯನ್ನು ಕೇಳಿದೆ. ಆಕೆ ಬೇಳೆ ತೊಳೆಯುತ್ತಿದ್ದವರು ಹಾಗೇ ನನ್ನ ಮುಖ ನೋಡಿದರು.

"ಊರು ಬಿಟ್ಟವ್ರಾ? ಯಾರು ಬಿಟ್ಟವ್ರೆ ಮೇಡಂ? ಹುಳ ನಾಕನೇ ಜ್ವರ ಎದ್ದವೆ. ಎಲ್ಲಾರೂ ತೋಟದ ಹತ್ರ ಹುಳದ ಮನೇಲಿ ಅವ್ರೆ. ಹುಳ ಹಣ್ಣಾಗೋವರ್ಗೂ ಊರ್ ಕಡೆ ಯಾರು ಬರ್ತಾರೆ?"

ನಮ್ಮ ತವರು ವಿದುರಾಶ್ವತ್ಥದ ಪಕ್ಕದ ಹಳ್ಳಿ. ನಾವು ಜೋಳ, ರಾಗಿ ಬೆಳೆದವರು, ರೇಷ್ಮೆ ಕಂಡವರಲ್ಲ. ಅಡುಗೆಯಾಕೆ ಬಿಡಿಸಿ ಹೇಳಿದರು. ರೇಷ್ಮೆಹುಳು ನಾಲ್ಕು ಸಲ ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚುತ್ತದೆ, ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಏಳೆಂಟು ದಿನ, ಹಣ್ಣಾಗಿ ಗೂಡು ಕಟ್ಟಲು ತೊಡಗುವವರೆಗೆ, ಹುಳು ತಿನ್ನುವುದೇ ತಿನ್ನುವುದು. ಸೊಪ್ಪು ಕೊಯ್ಯುವವರು, ಹೊರುವವರು, ಹಾಕುವವರು, ಕಸ ತೆಗೆಯುವವರು ಎಂದು ಮನೆಮಂದಿಗೆಲ್ಲ ಕೆಲಸ. ಮೇಲಿನ ಬೀದಿಯವರ ಹುಳದ ಮನೆಗಳೆಲ್ಲ ಊರಾಚೆ ಹಿಪ್ಪುನೇರಳೆ ತೋಟದಲ್ಲಿವೆ. ಅಲ್ಲೇ ಅಡುಗೆ, ಅಲ್ಲೇ ಮಲಗುವುದು. ಬೀದಿಯವರೆಲ್ಲ ಮರಿಹುಳುಗಳನ್ನು ಒಂದೇ ಕಡೆಯಿಂದ, ಒಟ್ಟಿಗೆ ತರುವುದರಿಂದ ಬೀಗವೂ ಒಟ್ಟಿಗೇ ಬೀಳುತ್ತದೆ. ನಾನು ಮೂರು ಸಲ ಹೋಗಿದ್ದು ಹೋದ ಬೆಳೆಯ ಅದೇ ಏಳೆಂಟು ದಿನಗಳಲ್ಲಿ.

"ಮಕ್ಕಳು?" ಅಂದೆ.

"ಮಕ್ಕಳು ಅಲ್ಲಿಂದ್ಲೇ ಇಸ್ಕೂಲಿಗೆ ಬರ್ತವೆ ಮೇಡಂ. ನಿಮ್ ಕ್ಲಾಸಲ್ಲೇ ಅವೆಯಲ್ಲ ಐದಾರು."

ನಾಚಿಕೆಯಾಯಿತು. ಬೆಳಿಗ್ಗೆ ಅವರ ಹೆಸರು ಕೂಗಿ ಹಾಜರಿ ಹಾಕಿ, ಸಂಜೆ ಅವರದೇ ಮನೆ ಮುಂದೆ ನಿಂತು ಬೀಗ ಎಂದು ಬರೆದವಳು ನಾನು. ಒಂದು ಮಾತು ಕೇಳಿದ್ದರೆ ಮಕ್ಕಳೇ ಹೇಳುತ್ತಿದ್ದವು. ಬಸ್ಸಿನ ಅವಸರದಲ್ಲಿ ಅದೂ ತೋಚಿರಲಿಲ್ಲ.

ಸಂಜೆ ಆರರ ಬಸ್ಸು ಬಿಟ್ಟು ತೋಟಗಳ ಕಡೆ ನಡೆದೆ. ಮೊದಲು ಸಿಕ್ಕಿದ್ದು ಮೂಲೆಮನೆಯಮ್ಮನ ಹುಳದ ಮನೆ. ಬೀದಿಯ ಮೂಲೆಯಲ್ಲಿ ಮನೆ ಇರುವುದರಿಂದ ಊರೆಲ್ಲ ಅವರನ್ನು ಕರೆಯುವುದೇ ಹಾಗೆ. ಐವತ್ತೈದರ ಆಸುಪಾಸು, ಗಟ್ಟಿ ದನಿ, ಆಂಧ್ರದ ಕಡೆಯಿಂದ ಮದುವೆಯಾಗಿ ಬಂದವರಾದ್ದರಿಂದ ಮಾತಿನ ನಡುವೆ ತೆಲುಗು. ಬಾಗಿಲಿಗೆ ಹುಳು ಕೊಲ್ಲುವ ಊಜಿ ನೊಣ ಬಾರದಂತೆ ಬಲೆ ಕಟ್ಟಿತ್ತು, ಹೊಸಿಲಲ್ಲಿ ಬ್ಲೀಚಿಂಗ್ ಪುಡಿ. ನಾನು ಬಲೆಗೆ ಕೈ ಹಾಕಿದ್ದೇ ತಡ, ಒಳಗಿಂದ ಕೂಗು ಬಂತು.

"ಅಲ್ಲೇ ನಿಂತ್ಕೊಳಮ್ಮಾ. ಟೌನಿಂದ ಬಂದೋರು, ಪೌಡರ್ರು ಸೆಂಟು ಹಾಕಿರ್ತೀರ. ಹುಳಕ್ಕೆ ಆಗಲ್ಲ."

ಹೊರಗೇ ನಿಂತು ವಿಷಯ ಹೇಳಿದೆ. ಒಳಗೆ ಹುಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಆಮೇಲೆ ಆಕೆ ಸೊಪ್ಪಿನ ಕೈಯಲ್ಲೇ ಬಲೆಯ ಹತ್ತಿರ ಬಂದರು.

"ನನ್ ಹೆಸರು ಮತ್ತೆ ತೆಗೀತಾರಾ?"

"ಮತ್ತೆ ಅಂದ್ರೆ?"

"ಹೋದ್ ಸಲ ಪಂಚಾಯ್ತಿ ಓಟಿಗೆ ಹೋದ್ರೆ ಹೆಸರಿಲ್ಲ ಅಂದ್ರು. ಸಾಲಲ್ಲಿ ನಿಂತೋಳನ್ನ ಅಷ್ಟು ಜನದ ಎದುರು ಆಚೆ ಕಳ್ಸಿದ್ರು. ಆಮೇಲೆ ನಮ್ ಬೀದಿ ಬೋರ್‌ವೆಲ್ ಕೆಟ್ಟೈತೆ ಅಂತ ಮೆಂಬರ ಹತ್ರ ಹೋದೆ. ನಿನ್ ಓಟೇ ಇಲ್ವಲ್ಲಮ್ಮ, ನಿನಗ್ಯಾಕೆ ಬೋರ್‌ವೆಲ್ಲು ಅಂದ. ನಗ್ತಾ ಅಂದ ಕಣಮ್ಮ. ಹೆಸರು ಮತ್ತೆ ಸೇರ್ಸಕ್ಕೆ ಎರಡು ವರ್ಷ ತಿರುಗಿದೀನಿ ನಾನು. ಈ ಸಲ ಯಾರು ಬರ್ಕೊಟ್ಟಿದ್ದು?"

ಅರ್ಜಿ ಕೊಟ್ಟಿದ್ದು ಏಜೆಂಟ್ ಎಂದು ಹೇಳಿ ನುಣುಚಿಕೊಳ್ಳಬಹುದಿತ್ತು. ಬಾಯಿ ಬರಲಿಲ್ಲ. "ಬೀಗ ಅಂತ ಬರೆದಿದ್ದು ನಾನೇ ಅಮ್ಮಾ. ಗೊತ್ತಿಲ್ದೆ ಬರೆದೆ. ಅದನ್ನಿಟ್ಕೊಂಡು ಅವರು ಅರ್ಜಿ ಹಾಕಿದಾರೆ," ಅಂದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ನೀನು ಬರೆದಿದ್ರೆ ನೀನೇ ಅಳಿಸು," ಎಂದು ಒಳಗೆ ಹೋದರು.

ಆ ಸಂಜೆ ಮತ್ತು ಮಾರನೇ ದಿನ ಬೆಳಿಗ್ಗೆ ಸೇರಿ ಅರ್ಜಿಯಲ್ಲಿದ್ದವರ ಹನ್ನೊಂದು ಹುಳದ ಮನೆಗಳಿಗೂ ಹೋದೆ. ಯಾರೂ ಒಳಗೆ ಬಿಡಲಿಲ್ಲ, ನಾನೂ ಕೇಳಲಿಲ್ಲ. ಒಬ್ಬೊಬ್ಬರೇ ಕೈ ತೊಳೆದು ಹೊರಗೆ ಬಂದು, ಮತದಾರರ ಚೀಟಿ ತೋರಿಸಿ, ಮಹಜರಿಗೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ, ಮತ್ತೆ ಕಾಲು ತೊಳೆದು ಒಳಗೆ ಹೋದರು. ಮೂವತ್ತನಾಲ್ಕರಲ್ಲಿ ಮೂವತ್ತನಾಲ್ಕೂ ಜನ ಸಿಕ್ಕರು. ಒಬ್ಬರೂ ಊರು ಬಿಟ್ಟಿರಲಿಲ್ಲ.

ಸೋಮವಾರ ವರದಿ ತೆಗೆದುಕೊಂಡು ಹೋದೆ. ಮೇಲ್ವಿಚಾರಕರು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಎರಡು ತಿಂಗಳ ಹಿಂದೆ ಬೀಗ ಅಂತ ಬರೆದ ಕೈಯೇ ಈಗ ವಾಸ ಇದಾರೆ ಅಂತ ಬರೆದಿದೆ. ಎರಡರಲ್ಲಿ ಯಾವುದು ಸುಳ್ಳು ಅಂತ ಕೇಳ್ತಾರೆ. ಮೊದಲ್ನೇದು ಸುಳ್ಳಾದ್ರೆ ನಿಮಗೆ ನೋಟಿಸು. ಎರಡನೇದು ಸುಳ್ಳಾದ್ರೂ ನಿಮಗೇ ನೋಟಿಸು. ಸುಮ್ನೆ ಮೊದಲಿನದಕ್ಕೆ ಅಂಟ್ಕೊಳ್ಳಿ. ಹೆಸರು ಹೋದ್ರೆ ಅವರು ಮತ್ತೆ ನಮೂನೆ ಆರು ಹಾಕ್ತಾರೆ, ಏನಂತೆ."

ನಿಜ ಹೇಳಬೇಕೆಂದರೆ ಹೆದರಿದೆ. ಸೇವಾ ಪುಸ್ತಕದಲ್ಲಿ ಒಂದು ಕೆಂಪು ಗೆರೆಯೂ ಇಲ್ಲದೆ ಹದಿನೆಂಟು ವರ್ಷ ಕಳೆದವಳು ನಾನು. ಯೋಚಿಸಿ ನಾಳೆ ಕೊಡುತ್ತೇನೆ ಎಂದು ಎದ್ದು ಬಂದೆ. ಈಗಲೂ ಆ 'ನಾಳೆ' ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಾರನೇ ದಿನ ಊಟದ ವೇಳೆಗೆ ಏಜೆಂಟನೇ ಶಾಲೆಗೆ ಬಂದ. ಮೂವತ್ತೈದರ ಮನುಷ್ಯ, ಒಗೆದ ಬಿಳಿ ಶರ್ಟು, ಬಹಳ ನಯ. ಅವನೂ ಮೇಲಿನ ಬೀದಿಯವನೇ. ಪಟ್ಟಣದಲ್ಲಿರುವ ತನ್ನ ಮುಖಂಡರನ್ನು ಅಣ್ಣ ಎಂದು ಕರೆಯುತ್ತಿದ್ದ.

"ಮೇಡಂ, ತೋಟ ತೋಟ ಸುತ್ತಿದ್ರಂತೆ. ಬಿಸಿಲಲ್ಲಿ ಯಾಕೆ ಕಷ್ಟ ಪಡ್ತೀರ. ತಾವು ಗೌರಿಬಿದನೂರು ಕಡೆಯವ್ರಂತೆ. ಅಣ್ಣ ಹೇಳಿದ್ರು, ಮೇಡಂಗೆ ಊರ್ ಹತ್ರ ವರ್ಗ ಬೇಕಾದ್ರೆ ಮಾಡ್ಸಣ ಅಂತ. ದೂರಕ್ಕೆ ಬೇಕಾದ್ರೂ ಮಾಡ್ಸಬೋದು, ಅದೇನು ದೊಡ್ಡ ವಿಷ್ಯ ಅಲ್ಲ."

"ಹುಳದ ಮನೇಲಿ ಇದ್ದೋರನ್ನ ಊರು ಬಿಟ್ಟವ್ರೆ ಅಂತ ಬರೆದಿದೀಯಲ್ಲಪ್ಪ," ಅಂದೆ.

"ನಾನೆಲ್ಲಿ ಬರೆದೆ ಮೇಡಂ? ತಾವು ಬರೆದಿದ್ದನ್ನ ನೋಡಿ ಕೊಟ್ಟೆ ಅಷ್ಟೆ," ಎಂದು ಕೈ ಮುಗಿದು ಹೋದ.

ಅವನ ಬೈಕಿನ ಸದ್ದು ಅಡಗಿತು. ಆಮೇಲೆ ಯಾಕೋ ನನ್ನ ಹಳೆಯ ಹಾಳೆಯನ್ನೂ ಅವನ ಅರ್ಜಿಗಳನ್ನೂ ಪಕ್ಕಪಕ್ಕ ಇಟ್ಟು ಮನೆ ನಂಬರ್ ಟಿಕ್ ಮಾಡುತ್ತಾ ಹೋದೆ. ನಾನು ಬೀಗ ಎಂದು ಬರೆದಿದ್ದು ಹನ್ನೆರಡು ಮನೆ. ಅರ್ಜಿ ಬಂದಿದ್ದು ಹನ್ನೊಂದು ಮನೆಯವರ ಮೇಲೆ. ನಾನು ಸುತ್ತಿದ್ದೂ ಅರ್ಜಿಯಲ್ಲಿದ್ದ ಹನ್ನೊಂದನ್ನೇ, ಹನ್ನೆರಡನೆಯದರ ನೆನಪೇ ಆಗಿರಲಿಲ್ಲ. ರಿಜಿಸ್ಟರ್ ತೆಗೆದು ಅದು ಯಾರ ಮನೆ ಎಂದು ನೋಡಿದೆ. ಏಜೆಂಟನ ಮನೆ.

ಆ ಏಳೆಂಟು ದಿನ ಅವನ ಮನೆಗೂ ಬೀಗ ಬಿದ್ದಿತ್ತು. ಅವನೂ ಹೆಂಡತಿ ಮಕ್ಕಳ ಜೊತೆ ತೋಟದಲ್ಲೇ ಹುಳಕ್ಕೆ ಸೊಪ್ಪು ಹಾಕುತ್ತಿದ್ದ. ಬೀಗ ಯಾಕೆ ಬೀಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಅವನಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ತನ್ನ ಮನೆಯನ್ನು ಮಾತ್ರ ಬಿಟ್ಟು, ತನ್ನ ಪಕ್ಷಕ್ಕೆ ಓಟು ಹಾಕದ ಹನ್ನೊಂದು ಮನೆಯನ್ನು ಎತ್ತಿಕೊಂಡಿದ್ದ. ಹೆದರಿಕೆಯೆಲ್ಲ ಎಲ್ಲಿ ಹೋಯಿತೋ ತಿಳಿಯದು. ಮೈಯೆಲ್ಲ ಉರಿಯಿತು. ನನ್ನ ತಪ್ಪನ್ನು ನನ್ನಿಂದಲೇ ಕಸಿದುಕೊಂಡು ಇನ್ನೊಬ್ಬರ ಮೇಲೆ ಬೀಸಿದ ಹಾಗಿತ್ತು. ತವರಿನ ಪಕ್ಕ ವಿದುರಾಶ್ವತ್ಥದಲ್ಲಿ, ಬ್ರಿಟಿಷರ ಕಾಲದಲ್ಲಿ ಬಾವುಟ ಹಿಡಿದದ್ದಕ್ಕೆ ಗುಂಡು ತಿಂದವರ ಸ್ಮಾರಕವಿದೆ, ತವರಿಗೆ ಹೋದಾಗಲೆಲ್ಲ ಬಸ್ಸಿನಿಂದ ಕಾಣುತ್ತದೆ. ನಾನು ಒಂದು ನೋಟಿಸಿಗೆ ಹೆದರಿ 'ನಾಳೆ' ಅಂದು ಬಂದಿದ್ದೆ.

ಅಲ್ಲೇ ಕೂತು ಬಿಳಿ ಹಾಳೆಯಲ್ಲಿ ಬರೆದೆ. 'ಈ ಹಿಂದೆ ಹನ್ನೆರಡು ಮನೆಗಳಿಗೆ ಬೀಗ ಎಂದು ನಾನು ಕೊಟ್ಟ ವರದಿ ತಪ್ಪು. ಆ ದಿನಗಳಲ್ಲಿ ಮನೆಯವರು ಹುಳು ಸಾಕಣೆಗಾಗಿ ತೋಟದಲ್ಲಿದ್ದರು. ವಿಚಾರಿಸದೆ ಬರೆದದ್ದು ನನ್ನ ಲೋಪ. ಇದರ ಹೊಣೆ ನನ್ನದು. ಈ ವರದಿಯ ಆಧಾರದ ಮೇಲೆ ಯಾರ ಹೆಸರನ್ನೂ ತೆಗೆಯಬಾರದು.' ಕೆಳಗೆ ಸಹಿ ಹಾಕಿ, ಮಹಜರಿನ ಜೊತೆ ಸೇರಿಸಿ, ಸಂಜೆಯೇ ಹೋಗಿ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಮೇಲ್ವಿಚಾರಕರು ತಲೆಯಾಡಿಸಿದರು. "ನೀವೇ ನಿಮ್ಮ ಕುತ್ತಿಗೆಗೆ ಹಗ್ಗ ಹಾಕ್ಕೊಂಡ್ರಿ," ಅಂದರು.

"ಹಗ್ಗ ಅವರ ಕುತ್ತಿಗೆಗೆ ಬೀಳೋದಿತ್ತು ಸರ್," ಅಂದೆ.

ಅರ್ಜಿ ಬಂದ ಮೇಲೆ ವಿಚಾರಣೆ ನಡೆಯಲೇಬೇಕು. ಎರಡೂ ಕಡೆಯವರಿಗೆ ನೋಟಿಸ್ ಹೋಗಿ, ಏಳು ದಿನ ಕಳೆದು, ತಹಶೀಲ್ದಾರರ ಮುಂದೆ ಹಾಜರಾಗಬೇಕು. ನೋಟಿಸುಗಳನ್ನು ನಾನೇ ತೋಟ ತೋಟಕ್ಕೆ ಹೋಗಿ ಹಂಚಿದೆ. ಮೂಲೆಮನೆಯಮ್ಮ ದಿನಾಂಕ ಓದಿಸಿಕೊಂಡು ಬೆರಳು ಮಡಿಸಿ ಎಣಿಸಿದರು. ಮುಖ ಗಂಟಾಯಿತು.

"ಅವತ್ತು ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕೋ ದಿನ ಕಣಮ್ಮ."

ಗೂಡು ಬಲಿತ ಮೇಲೆ ಇಟ್ಟುಕೊಳ್ಳುವಂತಿಲ್ಲ. ದಿನ ಕಳೆದಂತೆ ತೂಕ ಇಳಿಯುತ್ತದೆ, ಇನ್ನೂ ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಎರಡು ತಿಂಗಳ ದುಡಿಮೆ ಒಂದು ದಿನದ ಮೇಲೆ ನಿಂತಿರುತ್ತದೆ. ಇತ್ತ ವಿಚಾರಣೆಗೆ ಬಾರದಿದ್ದರೆ ಊರಲ್ಲಿಲ್ಲ ಎಂಬ ಮಾತಿಗೆ ಅವರೇ ಮುದ್ರೆ ಒತ್ತಿದಂತೆ. ದಿನ ಬದಲಿಸಿ ಎಂದು ಬರೆದುಕೊಟ್ಟೆ. ಆಗುವುದಿಲ್ಲ, ಪಟ್ಟಿ ಅಂತಿಮಗೊಳಿಸಲು ಇನ್ನು ಸಮಯವಿಲ್ಲ ಎಂದು ಉತ್ತರ ಬಂತು. ಏಜೆಂಟನಿಗೂ ಈ ಲೆಕ್ಕ ಗೊತ್ತಿತ್ತು, ಬೀದಿಯಲ್ಲಿ ಎದುರಾದಾಗ ನಕ್ಕ.

ದಾರಿ ಹುಡುಕಿದ್ದು ನಾನಲ್ಲ, ಮೂಲೆಮನೆಯಮ್ಮ. "ಗೂಡಿನ ಮಾರುಕಟ್ಟೆನೂ ಅದೇ ಟೌನು, ಆಫೀಸೂ ಅದೇ ಟೌನು. ಎಲ್ಲಾರೂ ಹೋಗಣ. ಗೂಡಿನ ಹತ್ರ ಮನೆಗೊಬ್ರು ನಿಂತ್ಕೊಳ್ಳೋದು, ಮಿಕ್ಕೋರು ಆಫೀಸಿಗೆ. ಅವರು ಬಂದ್ ಮೇಲೆ ನಿಂತೋರು ಹೋಗೋದು."

ಅವತ್ತು ಶಾಲೆಗೆ ರಜೆ ಹಾಕಿ ಬೆಳಿಗ್ಗೆ ಎಂಟಕ್ಕೆಲ್ಲ ಗೂಡಿನ ಮಾರುಕಟ್ಟೆಗೆ ಹೋದೆ. ಎರಡು ಟೆಂಪೊಗಳಲ್ಲಿ ಗೂಡಿನ ಚೀಲಗಳ ನಡುವೆ ಕೂತು ಮೂವತ್ತನಾಲ್ಕು ಜನರೂ ಬಂದಿಳಿದಿದ್ದರು. ಒಂದು ಕಾಲು ಸ್ವಾಧೀನವಿಲ್ಲದ ಒಬ್ಬ ತಾತನನ್ನು ಇಬ್ಬರು ಎತ್ತಿಕೊಂಡು ಇಳಿಸಿದರು. ಗೂಡನ್ನು ಜಾಲರಿಗಳಲ್ಲಿ ಸುರಿದು ಹರಡಿದರು, ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾ ಓಡಾಡುತ್ತಿದ್ದರು. ಹತ್ತೂವರೆಗೆ ಹರಾಜು, ಹನ್ನೊಂದಕ್ಕೆ ವಿಚಾರಣೆ. ನಾನು ಪಟ್ಟಿ ಹಿಡಿದು ಮೊದಲ ಇಪ್ಪತ್ತಮೂರು ಜನರನ್ನು ಸಾಲಾಗಿ ಕಚೇರಿಗೆ ಕರೆದುಕೊಂಡು ನಡೆದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ಅಭ್ಯಾಸವಿತ್ತು, ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ.

ತಹಶೀಲ್ದಾರರು ಒಂದೊಂದೇ ಹೆಸರು ಕೂಗಿದರು. ಕೂಗಿದವರು ಎದ್ದು ಚೀಟಿ ತೋರಿಸಿದರು. ರೂಮಿನ ತುಂಬ ಹಸಿ ಗೂಡಿನ ವಾಸನೆ. ಇಪ್ಪತ್ತಮೂರು ಮುಗಿದಾಗ ಹನ್ನೆರಡು ಗಂಟೆ. "ಮಿಕ್ಕ ಹನ್ನೊಂದು ಜನ ಎಲ್ಲಿ?" ಎಂದು ಕೇಳಿದರು.

"ಗೂಡಿನ ಹತ್ರ ನಿಂತವ್ರೆ ಸಾರ್," ಎಂದರು ಮೂಲೆಮನೆಯಮ್ಮ. "ನಾವು ಹೋಗಿ ನಿಂತ್ರೆ ಅವರು ಬರ್ತಾರೆ. ನೀವು ಊಟ ಮಾಡಿ ಅಷ್ಟೊತ್ಗೆ."

ಶಾಖೆಯ ಗುಮಾಸ್ತರು ಮುಖ ಮುಚ್ಚಿಕೊಂಡು ನಕ್ಕರು. ತಹಶೀಲ್ದಾರರು ನಗಲಿಲ್ಲ, ಆದರೆ ಮಧ್ಯಾಹ್ನ ಎರಡಕ್ಕೆ ಮುಂದುವರಿಸುವುದಾಗಿ ಬರೆಸಿದರು. ಎರಡಕ್ಕೆ ಹನ್ನೊಂದೂ ಜನ ಬಂದರು. ಅವರಲ್ಲಿ ಇಬ್ಬರು ಹೊತ್ತಾಯಿತೆಂದು ಹರಾಜಿನ ಇನ್ನೊಂದು ಸುತ್ತಿಗೆ ಕಾಯದೆ, ಮೊದಲ ಸುತ್ತಿನ ದರಕ್ಕೇ ಗೂಡು ಒಪ್ಪಿಸಿ ಬಂದಿದ್ದರು. ಆ ನಷ್ಟ ಯಾವ ಕಡತದಲ್ಲೂ ಇಲ್ಲ.

ಆಮೇಲೆ ನನ್ನ ಸರದಿ. ತಹಶೀಲ್ದಾರರು ನನ್ನ ಪತ್ರವನ್ನು ಗಟ್ಟಿಯಾಗಿ ಓದಿದರು. "ಇದರಿಂದ ನಿಮ್ಮ ಮೇಲೆ ಕ್ರಮ ಆಗಬಹುದು. ಗೊತ್ತಾ?"

"ಗೊತ್ತು ಸರ್. ತಪ್ಪು ನಾನು ಮಾಡಿದ್ದು, ಅವರ ಹೆಸರು ಯಾಕೆ ಹೋಗಬೇಕು?"

ಏಜೆಂಟ್ ಎದ್ದು ನಿಂತ. "ಸರ್, ನನ್ನದೇನೂ ಇಲ್ಲ. ಬಿಎಲ್‌ಒ ವರದಿ ನಂಬಿ ಅರ್ಜಿ ಕೊಟ್ಟೆ. ಹಳ್ಳಿಯವನು ನಾನು, ಸರ್ಕಾರಿ ಕಾಗದ ನಂಬದೆ ಇನ್ನೇನು ನಂಬಲಿ?"

"ಸರ್," ಅಂದೆ, "ನನ್ನ ವರದೀಲಿ ಹನ್ನೆರಡು ಮನೆ ಇದೆ. ಇವರು ನಂಬಿದ್ದು ಹನ್ನೊಂದನ್ನ. ಹನ್ನೆರಡನೇದು ಇವರದೇ ಮನೆ."

ತಹಶೀಲ್ದಾರರು ಎರಡೂ ಹಾಳೆ ತರಿಸಿಕೊಂಡು ಬೆರಳಿಟ್ಟು ನೋಡಿದರು. ಎರಡು ಸಲ ನೋಡಿದರು. ಏಜೆಂಟ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ, ಗೂಡು ಮಾರಿ ಆ ಹನ್ನೊಂದು ಜನರ ಜೊತೆಗೇ ಮತ್ತೆ ಬಂದಿದ್ದ ಮೂಲೆಮನೆಯಮ್ಮನ ದನಿ ಹಿಂದಿನಿಂದ ಬಂತು.

"ಏಮ್ರಾ, ಹೋದ್ ಬೆಳೇಲಿ ನಮ್ ತೋಟದಿಂದ ಎರಡು ಹೊರೆ ಸೊಪ್ಪು ಇಸ್ಕೊಂಡು ಹೋದ್ಯಲ್ಲ, ಊರು ಬಿಟ್ಟೋರ ಹತ್ರ ಇಸ್ಕೊಂಡ್ಯಾ?"

ಮೂವತ್ತನಾಲ್ಕು ಅರ್ಜಿಗಳನ್ನೂ ತಿರಸ್ಕರಿಸಿದೆ ಎಂದು ತಹಶೀಲ್ದಾರರು ಅಲ್ಲೇ ಬರೆಸಿದರು. ಸುಳ್ಳು ಘೋಷಣೆಗೆ ಶಿಕ್ಷೆ ಇದೆ ಎಂದು ಅವನಿಗೆ ಎಚ್ಚರಿಕೆ ಕೊಟ್ಟು ಕಳಿಸಿದರು, ಅಷ್ಟೇ. ನನಗೆ ಹದಿನೈದು ದಿನಕ್ಕೆ ಕಾರಣ ಕೇಳಿ ನೋಟಿಸ್ ಬಂತು. ಪತ್ರದಲ್ಲಿ ಬರೆದಿದ್ದನ್ನೇ ಮತ್ತೆ ಬರೆದು ಕಳಿಸಿದೆ. ಸೇವಾ ಪುಸ್ತಕದಲ್ಲಿ ಈಗ ಒಂದು ಎಚ್ಚರಿಕೆ ನಮೂದಾಗಿದೆ. ಅದರ ಮೇಲೆ ಮೇಲ್ಮನವಿ ಸಲ್ಲಿಸಿ ತೆಗೆಸಿಕೊಳ್ಳಿ ಎಂದು ಸಹೋದ್ಯೋಗಿಗಳು ಹೇಳುತ್ತಿರುತ್ತಾರೆ. ನಾನು ಸಲ್ಲಿಸಿಲ್ಲ. ಲೋಪ ನನ್ನದೇ ತಾನೆ, ಇರಲಿ. ಬಿಎಲ್‌ಒ ಕೆಲಸ ಬಿಟ್ಟುಕೊಡಿ, ಆರಾಮಾಗಿರಿ ಎಂದು ಮೇಲ್ವಿಚಾರಕರು ಎರಡು ಸಲ ಹೇಳಿದರು. ಅದನ್ನೂ ಬಿಡಲಿಲ್ಲ.

ಮತದಾನದ ದಿನ ಶಾಲೆಯ ಗೇಟಿನ ಪಕ್ಕ ಮೇಜು ಹಾಕಿಕೊಂಡು ಕ್ರಮಸಂಖ್ಯೆ ಹುಡುಕಿ ಕೊಡುತ್ತಿದ್ದೆ. ಅವತ್ತೂ ಮೇಲಿನ ಬೀದಿಯ ಮನೆಗಳಿಗೆ ಬೀಗವೇ. ಬೆಳಗಿನ ಸೊಪ್ಪು ಹಾಕಿ, ಮಧ್ಯಾಹ್ನದ ಸೊಪ್ಪಿನ ಒಳಗೆ ಹಿಂತಿರುಗುವಂತೆ ತೋಟದಿಂದ ಸರದಿಯ ಮೇಲೆ ಬರುವುದೆಂದು ಅವರು ಗೊತ್ತು ಮಾಡಿಕೊಂಡಿದ್ದರು. ಮೂಲೆಮನೆಯಮ್ಮ ಎಲ್ಲರಿಗಿಂತ ಮೊದಲು, ಒಂಬತ್ತು ಗಂಟೆಗೆ ಬಂದರು. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ನಾನು ಕೊಟ್ಟ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸಾಲಲ್ಲಿ ನಿಂತರು.

ಹತ್ತು ನಿಮಿಷಕ್ಕೆ ಪೊಲೀಸಿನವರೊಬ್ಬರು ಬಂದು ಒಳಗೆ ಕರೆಯುತ್ತಿದ್ದಾರೆ ಅಂದರು. ಹೋದೆ. ಏಜೆಂಟರ ಬೆಂಚಿನಿಂದ ಅವನು ಎದ್ದು ನಿಂತಿದ್ದ. ಮೇಜಿನ ಮೇಲೆ ಎರಡು ರೂಪಾಯಿ ನಾಣ್ಯ. ಮತ ಹಾಕಲು ಬಂದವರು ಪಟ್ಟಿಯಲ್ಲಿರುವ ವ್ಯಕ್ತಿಯೇ ಅಲ್ಲ ಎಂದು ಏಜೆಂಟ್ ಆಕ್ಷೇಪಿಸಬಹುದು, ಅದಕ್ಕೆ ಎರಡು ರೂಪಾಯಿ ಠೇವಣಿ. ಆಕ್ಷೇಪಣೆ ನಿಜವಾದರೆ ಹಣ ವಾಪಸು, ಸುಮ್ಮನೆ ಮಾಡಿದ್ದಾದರೆ ಸರ್ಕಾರಕ್ಕೆ. ಸಾಲಲ್ಲಿದ್ದವರೆಲ್ಲ ಬಾಗಿಲಲ್ಲಿ ಇಣುಕುತ್ತಿದ್ದರು. ಮೂಲೆಮನೆಯಮ್ಮ ರೂಮಿನ ನಡುವೆ, ಬಾಗಿಲ ಕಡೆಗೇ ನೋಡುತ್ತಾ ನಿಂತಿದ್ದರು. ಮತ್ತೆ ಅಷ್ಟು ಜನದ ಎದುರು ಆಚೆ ಕಳಿಸುತ್ತಾರೆ ಎಂದೇ ಅವರಿಗೆ ಅನ್ನಿಸಿದೆ ಎಂದು ನನಗೆ ಗೊತ್ತಾಯಿತು.

"ಇವರನ್ನ ಬಲ್ಲಿರಾ?" ಎಂದು ಮತಗಟ್ಟೆ ಅಧ್ಯಕ್ಷಾಧಿಕಾರಿ ಕೇಳಿದರು. ಬೇರೆ ತಾಲ್ಲೂಕಿನಿಂದ ಬಂದಿದ್ದವರು, ಅವರಿಗೆ ಯಾವ ಕಥೆಯೂ ತಿಳಿಯದು.

"ಬಲ್ಲೆ ಸರ್." ಆಕೆಯ ಹೆಸರು, ಗಂಡನ ಹೆಸರು, ಮನೆ ನಂಬರು, ಪಟ್ಟಿಯ ಕ್ರಮಸಂಖ್ಯೆ, ಎಲ್ಲವನ್ನೂ ಕಾಗದ ನೋಡದೆ ಹೇಳಿದೆ. ಬರೆದುಕೊಡಿ ಅಂದರು. ನಿಂತಲ್ಲೇ ಬರೆದು ಸಹಿ ಹಾಕಿದೆ. ಆಕ್ಷೇಪಣೆಗೆ ಆಧಾರವೇನು ಎಂದು ಏಜೆಂಟನನ್ನು ಕೇಳಿದರು. ಅವನ ಹತ್ತಿರ ಯಾವ ಕಾಗದವೂ ಇರಲಿಲ್ಲ. ಅಧಿಕಾರಿ ನಾಣ್ಯವನ್ನು ಲಕೋಟೆಗೆ ಹಾಕಿ, ನಮೂನೆಯಲ್ಲಿ 'ತಿರಸ್ಕೃತ' ಎಂದು ಬರೆದು, "ಹೋಗಿ ತಾಯಿ, ಮತ ಹಾಕಿ," ಅಂದರು.

ಬೆರಳಿಗೆ ಶಾಯಿ ಹಚ್ಚಿದರು. ಆಕೆ ರಟ್ಟಿನ ಮರೆಯ ಹಿಂದೆ ಹೋದರು. ಯಂತ್ರ ಉದ್ದಕ್ಕೆ ಕೂಗಿ ನಿಂತಿತು. ಈಚೆ ಬಂದವರು ಏಜೆಂಟನ ಕಡೆ ತಿರುಗಿಯೂ ನೋಡದೆ, ನನ್ನ ತೋಳು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟು, ತೋಟದ ಕಡೆ ಬಿರಬಿರನೆ ಹೊರಟರು.

"ನೀವಿನ್ನು ಹೊರಗೆ ಹೋಗಬಹುದು," ಎಂದರು ಅಧಿಕಾರಿ.

ಬಾಗಿಲ ತನಕ ಹೋದವಳು ನಿಂತೆ. "ಸರ್, ಈ ಥರದವರು ಇನ್ನೂ ಮೂವತ್ತಮೂರು ಜನ ಬರೋರಿದಾರೆ. ಇವರು ಒಬ್ಬೊಬ್ಬರಿಗೂ ಎರಡೆರಡು ರೂಪಾಯಿ ಇಟ್ರೂ ಸರಿ, ಕರೀರಿ. ಗೇಟಿನ ಹತ್ರಾನೇ ಇರ್ತೀನಿ. ಊಟಕ್ಕೂ ಹೋಗಲ್ಲ."

ಸಂಜೆ ಆರಕ್ಕೆ ಗೇಟು ಮುಚ್ಚಿದರು. ಮೂವತ್ತಮೂರು ಜನರೂ ಬಂದು ಹೋಗಿದ್ದರು. ನನ್ನನ್ನು ಮತ್ತೆ ಒಳಗೆ ಕರೆಯಲಿಲ್ಲ.